ತೊಟ್ಟಿಗೆ ಬಿದ್ದ ಮೇಲೆ

ಆ ಗುರುವಾರದ ಹೊತ್ತಿಗೆ ನನಗೆ ಮೂರು ಸಾವಿರದ ನೂರ ಹನ್ನೆರಡು ಇಂಗ್ಲಿಷ್ ಪದಗಳು ಗೊತ್ತಿದ್ದವು. ಅಂದಾಜಿನ ಮಾತಲ್ಲ, ಎಣಿಸಿಟ್ಟದ್ದು. ಕಾಲೇಜಿನ ಪ್ರಾಕ್ಟಿಕಲ್ ರೆಕಾರ್ಡುಗಳಲ್ಲಿ ಉಳಿದಿದ್ದ ಖಾಲಿ ಹಾಳೆಗಳಲ್ಲಿ ದಿನಕ್ಕೆ ಹತ್ತರಂತೆ ಬರೆದಿದ್ದೆ. ಪದ, ಅರ್ಥ, ಅದರ ಬೇರು, ಅದೇ ಬೇರಿನಿಂದ ಹುಟ್ಟಿದ ಬೇರೆ ಪದಗಳು, ಕೊನೆಗೆ ನನ್ನದೇ ಒಂದು ವಾಕ್ಯ. ಸಸ್ಯಶಾಸ್ತ್ರದ ತರಗತಿಯಲ್ಲಿ ಗಿಡಗಳನ್ನು ವಿಂಗಡಿಸಿದಂತೆ ಪದಗಳನ್ನು ವಿಂಗಡಿಸುತ್ತಿದ್ದೆ. ಭಾನುವಾರ ನನಗೆ ನಾನೇ ಪರೀಕ್ಷೆ. ತಪ್ಪಿದ ಪದ ಮುಂದಿನ ವಾರದ ಪಟ್ಟಿಗೆ ಮತ್ತೆ ಸೇರುತ್ತಿತ್ತು.

ಹವ್ಯಾಸಕ್ಕೆ ಮಾಡಿದ್ದಲ್ಲ. ಬಿ.ಎಸ್ಸಿ. ಮುಗಿಸಿ ಔಷಧಿ ಕಂಪನಿಯೊಂದರ ಇಂಟರ್‌ವ್ಯೂಗೆ ಹೋಗಿದ್ದೆ. ನನಗಿಂತ ಕಡಿಮೆ ಅಂಕ ತೆಗೆದವಳನ್ನು ತೆಗೆದುಕೊಂಡರು. ಅವಳಿಗೆ ಮಾತು ಬರುತ್ತಿತ್ತು. ನನಗೆ ಲ್ಯಾಬಿನ ಟೈಟ್ರೇಶನ್ ಬರುತ್ತಿತ್ತು. ವಾಪಸು ಬರುವ ಬಸ್ಸಿನಲ್ಲಿ ತೀರ್ಮಾನಿಸಿದೆ, ನಡುವೆ ಇರುವುದು ಪದಗಳ ಗೋಡೆ. ದಿನಕ್ಕೆ ಹತ್ತು ಕಲ್ಲು ಕಿತ್ತರೆ ಒಂದು ದಿನ ಬೀಳುತ್ತದೆ.

ಅಲ್ಲಿಯವರೆಗೆ ಹೊಟ್ಟೆ ಕಾಯುವುದಿಲ್ಲ. ಅವ್ವ ಓಬಮ್ಮ ಹನ್ನೆರಡು ವರ್ಷದಿಂದ ಹೋಗುತ್ತಿದ್ದ ಪೌಡರ್ ಫ್ಯಾಕ್ಟರಿಗೆ ನಾನೂ ಹೋದೆ. ತಿಪಟೂರಿನಿಂದ ತುರುವೇಕೆರೆಗೆ ಹೋಗುವ ರಸ್ತೆಯಲ್ಲಿ, ತೋಟಗಳ ನಡುವೆ, ತಗಡಿನ ಉದ್ದನೆಯ ಶೆಡ್ಡು. ತೆಂಗಿನಕಾಯಿ ಇಲ್ಲಿ ಒಣಪುಡಿಯಾಗಿ ಹೊರದೇಶಕ್ಕೆ ಹೋಗುತ್ತದೆ. ಅಂಗಳದಲ್ಲಿ ಗಂಡಸರು ಮಟ್ಟೆ ಸುಲಿಯುತ್ತಾರೆ. ಒಳಗೆ ನಮ್ಮ ಕೇರಿಯ ಮೂವತ್ತೆರಡು ಹೆಂಗಸರು ನೆಲದಲ್ಲಿ ಕೂತು ಚಿಪ್ಪು ಬಿಡಿಸಿ, ಬಾಗಿದ ಸಣ್ಣ ಚಾಕುವಿನಲ್ಲಿ ಕಾಯಿಯ ಕಂದು ಸಿಪ್ಪೆ ಹೆರೆಯುತ್ತಾರೆ. ಕಾಯಿನೀರು ಬೇಗ ಹುಳಿಯಾಗುತ್ತದೆ. ದಿನವಿಡೀ ಅದರಲ್ಲಿ ನೆನೆದ ಬೆರಳ ಸಂದಿ ಬೆಳ್ಳಗೆ ಬಿರಿಯುತ್ತದೆ. ಉಗುರಿನ ಬುಡ ಊದಿ ಕಪ್ಪಾಗುತ್ತದೆ. ಸಾರಿಗೆ ಬೆರಳು ಅದ್ದಿದರೆ ಉರಿ ನೆತ್ತಿಗೇರುತ್ತದೆ. ಅವ್ವ ಮುದ್ದೆಯನ್ನು ಚಮಚದಲ್ಲಿ ತಿನ್ನುತ್ತಿದ್ದಳು.

ಹೆರೆಯುತ್ತಲೇ ನಾನು ಪದ ಉರು ಹೊಡೆಯುತ್ತಿದ್ದೆ. ಪಕ್ಕದಲ್ಲಿ ಕೂರುತ್ತಿದ್ದ ಕೆಂಚಮ್ಮ ಬಿಡುತ್ತಿರಲಿಲ್ಲ.

“ಅದೇನೇ ರಾಧಿ ಗೊಣಗೊಣ ಅಂತೀಯ. ಯಾರ್ಗೆ ಮಾಟ ಮಾಡ್ಸಿದೀಯ?”

“ಇಂಗ್ಲಿಷ್ ಕಣಕ್ಕ.”

“ಬೈಗುಳ ಐತಾ ಅದ್ರಾಗೆ?”

“ಬೇಜಾನ್ ಐತೆ.”

“ಅದ್ನ ಮೊದ್ಲು ಕಲ್ಸು. ಗಂಗಾಧರಯ್ಯಂಗೆ ಅರ್ಥ ಆಗ್ದಿರೋವಂಥದ್ದು.”

ಗಂಗಾಧರಯ್ಯ ನಮ್ಮ ಮೇಸ್ತ್ರಿ.

ಶೆಡ್ಡಿನ ನಡುವೆ ಅಡ್ಡಕ್ಕೆ ಸಿಮೆಂಟಿನ ತೊಟ್ಟಿ. ಹೆರೆದ ಬಿಳಿ ಕಾಯನ್ನು ಬುಟ್ಟಿಯಿಂದ ಅದರ ನೀರಿಗೆ ಸುರಿಯುತ್ತೇವೆ. ಅಲ್ಲಿಗೆ ನಮ್ಮ ಕೈ ನಿಲ್ಲಬೇಕು. ನೀರಿಗೆ ಬಿದ್ದ ಕಾಯನ್ನು ನಾವು ಮುಟ್ಟುವ ಹಾಗಿಲ್ಲ. ತೊಟ್ಟಿಯ ಆಚೆ ಬದಿ ಊರೊಳಗಿನ ಹೆಂಗಸರು ನಿಂತಿರುತ್ತಾರೆ. ಅವರು ಅದನ್ನು ಎತ್ತಿ ಕುದಿನೀರಿಗೆ ಹಾಕುತ್ತಾರೆ, ಪುಡಿ ಮಾಡುತ್ತಾರೆ, ಒಣಗಿಸಿ ಚೀಲ ಕಟ್ಟುತ್ತಾರೆ. ಅಷ್ಟು ಹೊತ್ತು ನಮ್ಮ ಮಡಿಲಲ್ಲಿದ್ದ ಕಾಯಿ, ನಮ್ಮ ಹೆಬ್ಬೆರಳಿನ ರಕ್ತ ಹತ್ತಿದ ಕಾಯಿ, ನೀರು ಸೋಕಿದ ಕ್ಷಣದಿಂದ ನಮಗೆ ಸಲ್ಲದು. ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಎಲ್ಲೂ ಬರೆದಿರಲಿಲ್ಲ. ಹೊಸದಾಗಿ ಸೇರಿದವಳಿಗೆ ಪಕ್ಕದವಳು ಮೊಣಕೈಯಿಂದ ತಿವಿದು ಕಲಿಸುತ್ತಿದ್ದಳು.

ಬರೆದವಳು ನಾನು.

ಖರೀದಿದಾರರು ಪ್ರತಿಯೊಂದು ಕೆಲಸದ ವಿಧಾನವನ್ನೂ ಇಂಗ್ಲಿಷಿನಲ್ಲಿ ಬರೆದು ತೋರಿಸಿ ಎಂದಿದ್ದರು. ಮಾಲೀಕ ರೇಣುಕಪ್ರಸಾದ್ ನನ್ನನ್ನು ಆಫೀಸಿಗೆ ಕರೆಸಿದರು. ಚಪ್ಪಲಿ ಹೊರಗೆ ಬಿಟ್ಟು ಬಾಗಿಲ ಹತ್ತಿರ ನಿಂತೆ.

“ಹೆರೆಯೋ ಸಾಲಲ್ಲಿ ಕೂತ್ಕೊಂಡು ಡಿಕ್ಷನರಿ ಬಾಯಿಪಾಠ ಮಾಡ್ತೀಯಂತಲ್ಲಮ್ಮ, ನಿಜವಾ?”

“ಹೌದು ಸಾರ್.”

“ಹಂಗಾದ್ರೆ ಇದನ್ನ ನೀನೇ ಬರಿ. ಓದಿದ್ರೆ ದೊಡ್ಡ ಕಂಪನಿ ಅನ್ನಿಸ್ಬೇಕು. ಲ್ಯಾಬಲ್ಲಿ ಸೌಮ್ಯಂಗೆ ಮದುವೆ ಗೊತ್ತಾಗಿದೆ, ಆ ಜಾಗ ಖಾಲಿ ಆಗುತ್ತೆ. ನೋಡಣ.”

ಇಪ್ಪತ್ತೆರಡು ಪುಟ ಬರೆದೆ. ಒಂಬತ್ತನೆಯ ಪುಟಕ್ಕೆ ತೊಟ್ಟಿ ಬಂತು. ಇರುವುದನ್ನು ಇರುವ ಹಾಗೆ ಬರೆಯಲಾಗುವುದಿಲ್ಲ. ಎರಡು ದಿನ ಯೋಚಿಸಿದೆ. ಕೊನೆಗೆ ‘ಹೈಜೀನಿಕ್ ಸೆಗ್ರಿಗೇಶನ್ ಆಫ್ ಪರ್ಸನೆಲ್’ ಎಂದು ತಲೆಬರಹ ಕೊಟ್ಟೆ. ಶುಚಿತ್ವಕ್ಕಾಗಿ ಸಿಬ್ಬಂದಿಯನ್ನು ಬೇರ್ಪಡಿಸುವುದು. ಅದರ ಕೆಳಗೆ, ಕಚ್ಚಾ ವಲಯದವರು ಶುದ್ಧ ವಲಯದ ಪದಾರ್ಥವನ್ನು ಯಾವ ಕಾರಣಕ್ಕೂ ಸ್ಪರ್ಶಿಸಕೂಡದು ಎಂಬರ್ಥದ ಒಂದು ಉದ್ದನೆಯ ವಾಕ್ಯ. ಅದರಲ್ಲಿ ಆರು ಪದಗಳು ನನ್ನ ಪಟ್ಟಿಯವು. ಸುಳ್ಳು ಹೇಳಲಾರೆ, ಬರೆದು ಮುಗಿಸಿದಾಗ ಹೆಮ್ಮೆಯಾಗಿತ್ತು. ರೇಣುಕಪ್ರಸಾದ್ ಆ ಪುಟಕ್ಕೆ ಪ್ಲಾಸ್ಟಿಕ್ ಹೊದಿಸಿ ತೊಟ್ಟಿಯ ಮೇಲಿನ ಗೋಡೆಗೆ ಹಾಕಿಸಿದರು.

ನನ್ನನ್ನು ಲ್ಯಾಬಿಗೆ ಹಾಕಿದರು, ಸದ್ಯಕ್ಕೆ ಸಹಾಯಕಿಯಾಗಿ. ಲ್ಯಾಬು ಆಚೆ ಬದಿಯಲ್ಲಿತ್ತು. ನಾನು ತೊಟ್ಟಿ ದಾಟಿ ಹೋಗುತ್ತಿರಲಿಲ್ಲ. ಶೆಡ್ಡು ಸುತ್ತಿಕೊಂಡು ಬಾಯ್ಲರ್ ಪಕ್ಕದ ಬಾಗಿಲಿನಿಂದ ಹೋಗುತ್ತಿದ್ದೆ. ಕಾಯಿಯ ಸ್ಯಾಂಪಲ್ ಕತ್ತರಿಸುವುದು ಸೌಮ್ಯ. ಗಾಜಿನ ಸಾಮಾನು ತೊಳೆಯುವುದು, ತೂಕ ಬರೆಯುವುದು, ಪರೀಕ್ಷೆಯ ತಟ್ಟೆಗಳಲ್ಲಿ ಬೆಳೆದ ಸೂಕ್ಷ್ಮಜೀವಿಗಳ ಚುಕ್ಕೆ ಎಣಿಸುವುದು ನಾನು. ಬಿಳಿ ಕೋಟು ಕೊಟ್ಟಿದ್ದರು. ಅವ್ವ ಅದನ್ನು ಬೇರೆ ಬಕೆಟ್ಟಿನಲ್ಲಿ ಒಗೆಯುತ್ತಿದ್ದಳು.

ಗುರುವಾರ ಹನ್ನೊಂದು ಗಂಟೆ ದಾಟಿತ್ತು. ತೊಟ್ಟಿಯ ನೀರು ಹೋಗುವ ಕಂಡಿಗೆ ಚಿಪ್ಪಿನ ಚೂರು ಸಿಕ್ಕಿಕೊಂಡಿತು. ಆಚೆ ಬದಿಯವರು ಟೀ ಕುಡಿಯಲು ಹೋಗಿದ್ದರು. ನೀರು ಉಕ್ಕಿ ಬಿಳಿ ಕಾಯಿ ನೆಲಕ್ಕೆ ಬೀಳತೊಡಗಿತು. ಅವ್ವ ಎದ್ದು ಎರಡು ಸಲ ಕೂಗಿದಳಂತೆ. ಯಾರೂ ಬರಲಿಲ್ಲ. ಸೀರೆ ಎತ್ತಿ ಕಟ್ಟಿ, ಭುಜದವರೆಗೆ ತೋಳು ಮುಳುಗಿಸಿ, ತಳದಿಂದ ಚೂರು ಕಿತ್ತು ಬಿಸಾಡಿದಳು. ನೀರು ಇಳಿಯಿತು. ಹನ್ನೆರಡು ವರ್ಷ ದುಡಿದವಳಿಗೆ ಮಾಲು ಹಾಳಾಗುವುದಷ್ಟೇ ಕಂಡಿತ್ತು.

ಗಂಗಾಧರಯ್ಯ ಟೀ ಲೋಟ ಹಿಡಿದೇ ಒಳಗೆ ಬಂದ. ನಾನು ಲ್ಯಾಬಿನ ಕಿಟಕಿಯಲ್ಲಿದ್ದೆ.

“ಏನ್ ಮಾಡ್ಬುಟ್ಟೆ ಓಬಿ.”

“ಕಾಯಿ ಹೋಯ್ತಿತ್ತು ಬುದ್ದಿ.”

“ಹೋದ್ರೆ ಹೋಗ್ಲಿ. ಗೋಡೆ ಮ್ಯಾಲೆ ಏನ್ ಬರ್ದೈತೆ ನೋಡು. ನಿನ್ ಮಗ್ಳೇ ಬರ್ದಿರೋದು.”

“ನಂಗೆ ಓದಕ್ಕೆ ಬರಾಕಿಲ್ಲ ಬುದ್ದಿ.”

“ಅದ್ಕೇ ಕೈಯಾಡ್ಸಿರೋದು ನೀನು.”

ಯಂತ್ರ ನಿಲ್ಲಿಸಿದರು. ತೊಟ್ಟಿಯ ನೀರನ್ನು ಹೊರಗೆ ಬಿಟ್ಟರು. ಖಾಲಿ ತೊಟ್ಟಿಯೊಳಗೆ ಅವ್ವನನ್ನೇ ಇಳಿಸಿ ತೆಂಗಿನ ನಾರಿನಿಂದ ತಿಕ್ಕಿಸಿದರು. ಖಾಲಿ ತೊಟ್ಟಿಗೆ ಮೈಲಿಗೆ ಇಲ್ಲ. ಪ್ರತಿ ಭಾನುವಾರ ಅದನ್ನು ತಿಕ್ಕುವುದು ನಮ್ಮವರೇ. ನೀರು ತುಂಬಿದ ಮೇಲೆ ಮಾತ್ರ ಅದು ಬೇರೆಯವರದು. ಮೊಣಕಾಲೂರಿ ತಿಕ್ಕುತ್ತಿದ್ದ ಅವ್ವನ ಬೆನ್ನು ತೊಟ್ಟಿಯ ಅಂಚಿನ ಮೇಲೆ ಏಳುತ್ತಿತ್ತು, ಇಳಿಯುತ್ತಿತ್ತು. ಮೂವತ್ತೊಂದು ಹೆಂಗಸರು ಚಾಕು ಹಿಡಿದು ನೋಡುತ್ತ ಕೂತಿದ್ದರು. ಅವ್ವ ಹೊರಗೆ ಬಂದ ಮೇಲೆ ಹೊಸ ನೀರು ಬಿಟ್ಟರು. ಗಂಗಾಧರಯ್ಯ ಪಕ್ಕದ ತೋಟದ ಕೊಟ್ಟಿಗೆಯಿಂದ ಚೊಂಬಿನಲ್ಲಿ ಗಂಜಲ ತರಿಸಿ ತೊಟ್ಟಿಯ ಸುತ್ತ ಚಿಮುಕಿಸಿ, ಉಳಿದದ್ದನ್ನು ನೀರಿಗೇ ಹಾಕಿದ. ನಾಳೆಯಿಂದ ಬರಬೇಡ ಎಂದು ಅವ್ವನಿಗೆ ಹೇಳಿದ.

ಅವ್ವ ಕೈಯಾಡಿಸಿದ್ದ ಕಾಯನ್ನು ಎಸೆಯಲಿಲ್ಲ. ಕುದಿನೀರಿಗೆ ಹಾಕಿ ಪುಡಿ ಮಾಡಿ ಚೀಲ ಹೊಲಿದರು. ಎಸೆದದ್ದು ಅವ್ವನನ್ನು.

ನಾನು ಕಿಟಕಿಯಿಂದ ಕದಲಲಿಲ್ಲ. ಹೋಗಿ ಅಡ್ಡ ನಿಲ್ಲಲಿಲ್ಲ. ಸೌಮ್ಯ ಹತ್ತಿರ ಬಂದಳು. ಅವ್ವ ಮುಟ್ಟಿದ ಕಾಯಿಯ ಒಂದು ಹೋಳು ಮತ್ತು ಚಾಕುವನ್ನು ನನ್ನ ಮುಂದಿನ ಮೇಜಿನ ಮೇಲೆ ಇಟ್ಟಳು.

“ನಾನು ಊಟಕ್ಕೆ ಹೋಗ್ತೀನಿ ಕಣೇ. ನಾನೇನೂ ನೋಡಿಲ್ಲ,” ಎಂದು ಬಾಗಿಲು ಎಳೆದುಕೊಂಡು ಹೋದಳು.

ಒಂದೇ ಸಲದ ಪರೀಕ್ಷೆ ಪುರಾವೆಯಲ್ಲ ಎಂದು ಕಲಿತವಳು ನಾನು. ಮೂರು ಮೂರು ತಟ್ಟೆ ಹಾಕಿದೆ. ಬೆಳಿಗ್ಗೆ ಎತ್ತಿಟ್ಟಿದ್ದ ತೊಟ್ಟಿಯ ನೀರಿಗೆ ಮೂರು. ಅವ್ವ ಮುಟ್ಟಿದ ಕಾಯಿಗೆ ಮೂರು. ಗಂಜಲ ಹಾಕಿದ ಮೇಲಿನ ನೀರಿಗೆ ಮೂರು. ಹೆಸರು, ಹೊತ್ತು ಬರೆದು ಇನ್‌ಕ್ಯುಬೇಟರಿನಲ್ಲಿಟ್ಟೆ.

ಶುಕ್ರವಾರ ರೇಣುಕಪ್ರಸಾದ್ ಕರೆಸಿದರು. ಬೈಯಲಿಲ್ಲ. ಕುರ್ಚಿ ತೋರಿಸಿದರು. ಮೊದಲ ಸಲ ಕೂತೆ.

“ಆಗಿದ್ದು ಆಗಿ ಹೋಯ್ತು ಬಿಡಮ್ಮ. ಸೋಮವಾರ ಖರೀದಿದಾರರ ಕಡೆಯಿಂದ ಆಡಿಟರ್ ಬರ್ತಾರೆ. ಡ್ರೈಯರ್ ಮೂರು ಗಂಟೆ ನಿಂತಿದ್ದು ಕಂಪ್ಯೂಟರಲ್ಲಿ ದಾಖಲಾಗಿದೆ, ಅಳಿಸಕ್ಕಾಗಲ್ಲ. ಯಾಕೆ ನಿಂತಿತು ಅಂತ ಒಂದು ರಿಪೋರ್ಟ್ ಇರ್ಬೇಕು. ನಿನ್ನ ಇಂಗ್ಲಿಷಲ್ಲಿ ಬರೆದು ನೀನೇ ಸೈನ್ ಮಾಡು. ಕೆಮಿಸ್ಟ್ ಅಂತ ಮಾಡು. ನಿನ್ನ ಕೆಲಸದ ಆರ್ಡರ್ ಟೈಪ್ ಆಗಿದೆ.”

“ಅವ್ವನ ಹೆಸರು ಬರುತ್ತಾ ಸಾರ್?”

“ಹೆಸರು ಯಾಕೆ? ‘ಪರ್ಸನೆಲ್’ ಅನ್ನು. ನೀನೇ ಬರ್ದಿದ್ದೀಯಲ್ಲ ಒಂಬತ್ತನೇ ಪುಟದಲ್ಲಿ.”

ಮನೆಗೆ ಬಂದು ಹೇಳಿದೆ. ಅವ್ವ ಸೊಪ್ಪು ಬಿಡಿಸುತ್ತಿದ್ದಳು.

“ಬರ್ಕೊಡು.”

“ನಿನ್ ಕೈ ಗಲೀಜು ಅಂತ ಬರೀಬೇಕು ಕಣವ್ವ. ಹೆಸ್ರು ಹಾಕ್ದಿದ್ರೂ ಬೇರೆ ಫ್ಯಾಕ್ಟ್ರಿಯವ್ರೂ ತಗಳಲ್ಲ ಆಮೇಲೆ.”

“ನನ್ ಕೈ ಹೆಂಗೂ ಹೋಗೈತೆ. ನಿಂದು ಇನ್ನೂ ಐತೆ. ಬರ್ದು ಒಳಿಕ್ಕೆ ಹೋಗು. ನಮ್ಮ ಕೇರೀಲಿ ಒಬ್ಳಾದ್ರೂ ಆಚೆ ಬದಿ ಕುತ್ಕಳ್ಳಿ.”

ಶನಿವಾರ ತಟ್ಟೆಗಳನ್ನು ತೆಗೆದೆ. ಬೆಳಗಿನ ನೀರಿನಲ್ಲಿ ಸರಾಸರಿ ನಲವತ್ತೊಂದು ಚುಕ್ಕೆ. ಅವ್ವ ಮುಟ್ಟಿದ ಕಾಯಿಯಲ್ಲಿ ಮೂವತ್ತೆಂಟು. ಗಂಜಲದ ನೀರಿನ ತಟ್ಟೆಗಳು ಎಣಿಸಲಾಗದಂತೆ ತುಂಬಿ, ಒಂದಕ್ಕೊಂದು ಹತ್ತಿಕೊಂಡು, ಮುಚ್ಚಳ ತೆಗೆದರೆ ಸಗಣಿ ವಾಸನೆ. ರಿಜಿಸ್ಟರಿನಲ್ಲಿ ದಾಖಲಿಸಿದೆ.

ಅದನ್ನು ನೋಡಿದ ಮೇಲೂ ರಿಪೋರ್ಟ್ ಬರೆದೆ. ಅವ್ವ ತೋಳು ಮುಳುಗಿಸಿ ಮಾಲು ಉಳಿಸಿದ್ದು ‘ಇನ್‌ಅಡ್ವರ್ಟೆಂಟ್ ಬ್ರೀಚ್’ ಆಯಿತು, ಗೊತ್ತಿಲ್ಲದೆ ಆದ ಉಲ್ಲಂಘನೆ. ಗಂಜಲ ‘ರೆಮೀಡಿಯಲ್ ಸ್ಯಾನಿಟೈಸೇಶನ್’ ಆಯಿತು, ದೋಷ ಕಳೆಯುವ ಶುದ್ಧೀಕರಣ. ಅವ್ವನನ್ನು ಓಡಿಸಿದ್ದಕ್ಕೂ ಒಂದು ಪದ ಸಿಕ್ಕಿತು. ಎಲ್ಲಕ್ಕೂ ಪದ ಇತ್ತು. ವರ್ಷವಿಡೀ ಕೂಡಿಟ್ಟಿದ್ದು ಇದಕ್ಕೇ ಎನ್ನುವಷ್ಟು ಸಲೀಸಾಗಿ ಬಂತು. ರೇಣುಕಪ್ರಸಾದ್ ಓದಿ, “ಬೆಂಗಳೂರಲ್ಲಿ ಬರೆಸಿದ್ರೂ ಹಿಂಗೆ ಬರ್ತಿರ್ಲಿಲ್ಲ” ಎಂದರು.

ಸೋಮವಾರ ಆಡಿಟರ್ ಬಂದರು. ಚೆನ್ನೈನವರು, ನಲವತ್ತರ ಆಸುಪಾಸಿನ ಹೆಂಗಸು. ಇಂಗ್ಲಿಷ್ ಬಿಟ್ಟು ನಮಗೆ ತಿಳಿಯುವ ಮಾತು ಅವರಿಗೆ ಬಾರದು. ಮಾತು ದಾಟಿಸಲು ನನ್ನನ್ನು ಜೊತೆಗೆ ಹಾಕಿದ್ದರು. ರಿಪೋರ್ಟ್ ಓದಿ, ಇಷ್ಟು ಅಚ್ಚುಕಟ್ಟಾದ ಬರಹವನ್ನು ಇಂಥ ಘಟಕಗಳಲ್ಲಿ ನೋಡಿಲ್ಲ ಎಂದು ನನ್ನ ಕಡೆ ತಿರುಗಿ ನಕ್ಕರು. ನಾನೂ ನಕ್ಕೆ.

ಆಮೇಲೆ ಕೆಲಸದವರ ಕೈ ನೋಡಬೇಕು ಎಂದರು. ಅದು ಅವರ ಪಟ್ಟಿಯಲ್ಲಿತ್ತು.

ಮೂವತ್ತೊಂದು ಹೆಂಗಸರನ್ನು ಸಾಲಾಗಿ ನಿಲ್ಲಿಸಿದರು. ಎರಡೂ ಅಂಗೈ ಮುಂದೆ. ಆಡಿಟರ್ ಕೈಗವಸು ಹಾಕಿಕೊಂಡು, ಪುಟ್ಟ ಟಾರ್ಚ್ ಹಿಡಿದು, ಬೆರಳ ಸಂದಿಗಳಿಗೆ ಬೆಳಕು ಬಿಡುತ್ತ ಬಂದರು. ಮುಟ್ಟಲಿಲ್ಲ. ಹತ್ತು ಹದಿನೈದು ಕೈ ಆದ ಮೇಲೆ ಟಾರ್ಚ್ ಆರಿಸಿ ಬರೆದುಕೊಂಡರು. ಈ ಕೈಗಳು ಆಹಾರಕ್ಕೆ ಅಪಾಯ, ಹೀಗಿರುವವರಿಗೆ ಇಲ್ಲಿ ಕೆಲಸವಿಲ್ಲ ಎಂದು ಇವರ ಭಾಷೆಯಲ್ಲಿ ಸ್ಪಷ್ಟವಾಗಿ ಹೇಳಿ ಎಂದು ನನಗೆ ಸೂಚಿಸಿದರು.

ನಾನು ಹೆಂಗಸರ ಕಡೆ ತಿರುಗಿದೆ. ಎದುರಿಗೆ ಕೆಂಚಮ್ಮನ ಅಂಗೈ. ಹೆಬ್ಬೆರಳ ಬುಡದಲ್ಲಿ ಚಾಕು ಕೊರೆದ ಹಳ್ಳ, ಸಂದಿಗಳಲ್ಲಿ ಬೆಳ್ಳಗೆ ಸುಲಿದ ಚರ್ಮ.

“ಏನಂತಾರೆ ರಾಧಿ ಆ ಯಮ್ಮ?”

ಕನ್ನಡದಲ್ಲಿ ನನ್ನ ಹತ್ತಿರ ಪಟ್ಟಿ ಇರಲಿಲ್ಲ. ವಲಯ ಇಲ್ಲ, ಪರ್ಸನೆಲ್ ಇಲ್ಲ. ಕೆಂಚಮ್ಮನ ಮುಖ ನೋಡಿ ಕನ್ನಡದಲ್ಲಿ ಹೇಳಬಹುದಾದದ್ದು ಒಂದೇ. ನಿಮ್ಮ ಕೈ ಗಲೀಜು. ಮುಟ್ಟಬೇಡಿ. ಅದನ್ನು ಇವರಿಗೆ ಹುಟ್ಟಿದಾಗಿನಿಂದ ಬೇರೆಯವರು ಹೇಳುತ್ತಲೇ ಇದ್ದಾರೆ. ಈಗ ಅದು ನನ್ನ ಬಾಯಲ್ಲಿ ಬರಬೇಕು.

“ಹೇಳಮ್ಮ, ಟೈಮಾಗ್ತಿದೆ,” ಎಂದರು ರೇಣುಕಪ್ರಸಾದ್.

“ಹೇಳಲ್ಲ ಸಾರ್.”

“ಏನು?”

“ಇದನ್ನ ನಾನು ಹೇಳಲ್ಲ.”

ಆಡಿಟರ್ ಕಡೆ ತಿರುಗಿ ಇಂಗ್ಲಿಷಿನಲ್ಲಿ ಮಾತಾಡಿದೆ. ಐದನೇ ಕ್ಲಾಸಿನ ಇಂಗ್ಲಿಷ್. ಈ ಕೈಗಳು ಹೀಗಾಗಿದ್ದು ಇಲ್ಲೇ. ಕೈಗವಸು ಕೊಟ್ಟಿಲ್ಲ. ನಾವು ದಲಿತರು. ನೀರಿಗೆ ಬಿದ್ದ ಕಾಯನ್ನು ದಲಿತರು ಮುಟ್ಟಬಾರದು ಎನ್ನುವುದು ಇಲ್ಲಿನ ನಿಯಮ. ಓಬಮ್ಮ ಮುಟ್ಟಿದಳು. ಅದಕ್ಕೆ ಯಂತ್ರ ನಿಂತಿತು. ಅದಕ್ಕೆ ಅವಳ ಕೆಲಸ ಹೋಯಿತು. ತೊಟ್ಟಿಗೆ ಗಂಜಲ ಹಾಕಿದರು. ಓಬಮ್ಮ ನನ್ನ ತಾಯಿ. ಒಂಬತ್ತನೆಯ ಪುಟ ಬರೆದವಳು ನಾನು. ಅದು ಸುಳ್ಳು. ಈ ರಿಪೋರ್ಟೂ ಸುಳ್ಳು. ಲ್ಯಾಬಿನ ರಿಜಿಸ್ಟರ್ ನೋಡಿ.

ಹೆಂಗಸರಿಗೆ ನನ್ನ ಮಾತು ತಿಳಿಯಲಿಲ್ಲ. ಓಬಮ್ಮ ಎಂಬ ಹೆಸರು ತಿಳಿಯಿತು. ಒಬ್ಬೊಬ್ಬರೇ ಕೈ ಕೆಳಗಿಳಿಸಿದರು.

ರೇಣುಕಪ್ರಸಾದ್ ದನಿ ಏರಿಸಲಿಲ್ಲ. ತಾಯಿಯನ್ನು ತೆಗೆದದ್ದಕ್ಕೆ ಹುಡುಗಿ ‘ಡಿಸ್‌ಗ್ರಂಟಲ್ಡ್’ ಎಂದು ಆಡಿಟರಿಗೆ ಹೇಳಿದರು. ನನಗೆ ಆ ಪದ ಗೊತ್ತು. ಅಸಮಾಧಾನ ಹೊತ್ತು ಸೇಡು ಕಾಯುವವಳು.

ಆಡಿಟರ್ ರಿಜಿಸ್ಟರ್ ತರಿಸಿ ಓದಿದರು. ಮೂವತ್ತೆಂಟರ ಮೇಲೆ ಅವರ ಕಣ್ಣು ನಿಲ್ಲಲಿಲ್ಲ. ಗಂಜಲದ ತಟ್ಟೆಗಳ ಸಾಲಿನಲ್ಲಿ ನಿಂತಿತು. ಮುಖ ಬಿಗಿಯಿತು. ತೊಟ್ಟಿ ಕಲುಷಿತ, ಅದನ್ನು ಒಡೆದು ಸ್ಟೀಲಿನದ್ದು ಕೂರಿಸುವವರೆಗೆ ಘಟಕ ಬಂದ್ ಎಂದು ಬರೆದರು.

“ನಿಯಮದ ವಿಷಯ?” ಎಂದು ಕೇಳಿದೆ.

ಅದು ಸಾಮಾಜಿಕ ಸಂಗತಿ, ತಮ್ಮ ತಪಾಸಣೆಯ ವ್ಯಾಪ್ತಿಗೆ ಬರುವುದಿಲ್ಲ ಎಂದರು. ವಿಷಾದವಿದೆ ಎಂದರು. ಫಾರ್ಮಿನಲ್ಲಿ ಅದಕ್ಕೆ ಕಾಲಮ್ ಇಲ್ಲ ಎಂದು ತೋರಿಸಿದರು. ನಿಜವಾಗಿಯೂ ಇರಲಿಲ್ಲ.

ಗಂಗಾಧರಯ್ಯ ನನ್ನ ಬಿಳಿ ಕೋಟು ಬಿಚ್ಚಿಸಿಕೊಂಡ. ಕೈಗೆ ತೆಗೆದುಕೊಳ್ಳಲಿಲ್ಲ, ನೆಲಕ್ಕೆ ಹಾಕು ಎಂದ.

ಅವ್ವ ಬಾಗಿಲಲ್ಲೇ ಕೂತಿದ್ದಳು. ಸುದ್ದಿ ನನಗಿಂತ ಮೊದಲೇ ಕೇರಿ ಮುಟ್ಟಿತ್ತು.

“ಒಳಿಕ್ಕೆ ಹೋಗು ಅಂತ ತಾನೇ ನಾನಂದಿದ್ದು.”

“ಹೂಂ.”

“ಮತ್ಯಾಕೆ ಬಾಯ್ಬುಟ್ಟೆ? ಓದ್ಸಿದ್ದು ಇದ್ಕಾ?” ಕೆನ್ನೆಗೆ ಹೊಡೆದಳು. ಬಿರಿದ ಅಂಗೈ ಮರಳು ಕಾಗದದ ಹಾಗೆ ತಾಕಿತು. ಹೊಡೆದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು.

ಮಾರನೆಯ ಬೆಳಿಗ್ಗೆ ಕೆಲಸ ಇಲ್ಲದ ಹೆಂಗಸರು ನಮ್ಮ ಮನೆ ಮುಂದೆ ಸೇರಿದರು. ಹೊಗಳಲು ಬಂದವರಲ್ಲ.

“ನಿನ್ ಇಂಗ್ಲಿಷ್ನಿಂದ ನಮ್ ಕೂಳು ಹೋಯ್ತಲ್ಲೇ,” ಎಂದಳು ಒಬ್ಬಳು.

ಕೆಂಚಮ್ಮ ಅವಳನ್ನು ತಡೆದು ಕೇಳಿದಳು, “ನಮ್ ವಿಷ್ಯ ಏನ್ ಬರ್ಕೊಂಡ್ಲು ಆ ಯಮ್ಮ?”

“ಏನೂ ಇಲ್ಲ.”

“ಗಂಜಲದ್ದು?”

“ಅದನ್ನ ಬರ್ಕೊಂಡ್ರು.”

ಕೆಂಚಮ್ಮ ನಕ್ಕಳು. “ನೋಡ್ರೇ, ಹಸಾ ಉಚ್ಚೆ ಉಯ್ದದ್ದು ಲೆಕ್ಕಕ್ಕೆ ಬಂತು. ನಾವು ಹನ್ನೆರ್ಡು ವರ್ಷ ರಕ್ತ ಸುರ್ಸಿದ್ದು ಬರ್ಲಿಲ್ಲ.” ಒಂದಿಬ್ಬರು ನಕ್ಕರು.

“ನೀನು ಬರಿ,” ಎಂದಳು ಕೆಂಚಮ್ಮ. “ನಿನ್ನೆ ಅಲ್ಲಿ ಹೇಳ್ದಲ್ಲ, ಅದ್ನೇ. ಕನ್ನಡದಾಗೆ ಬರಿ, ನಮ್ಗೂ ಓದಿ ಹೇಳು. ಪೊಲೀಸ್ನೋರ್ಗೂ ಕೊಡಾನ, ತಾಲ್ಲೂಕಾಫೀಸ್ಗೂ ಕೊಡಾನ.”

ಬರೆದೆ. ಒಂದೂವರೆ ಪುಟ. ಜೋರಾಗಿ ಓದಿದೆ. ಎರಡು ಕಡೆ ತಿದ್ದಿಸಿದರು. ಸಹಿಯ ಹೊತ್ತಿಗೆ ಕೆಲವರು ಎದ್ದರು. ಸ್ಟೀಲಿನ ತೊಟ್ಟಿ ಬಂದ ಮೇಲೆ ಮತ್ತೆ ಕರೆಯುತ್ತಾರೆ, ಮಕ್ಕಳಿದ್ದಾರೆ ಎಂದರು. ಅವರನ್ನು ಯಾರೂ ಬೈಯಲಿಲ್ಲ. ಹದಿನೆಂಟು ಜನ ಉಳಿದರು. ಕೆಲವರು ಸಹಿ ಹಾಕಿದರು, ಉಳಿದವರು ಹೆಬ್ಬೆಟ್ಟು ಒತ್ತಿದರು.

ಕೊನೆಗೆ ಅವ್ವ ಬಂದಳು. ನನ್ನ ಮುಖ ನೋಡಲಿಲ್ಲ. ಇಂಕ್ ಪ್ಯಾಡಿಗೆ ಹೆಬ್ಬೆಟ್ಟು ಒತ್ತಿ ಹಾಳೆಗೆ ಒತ್ತಿದಳು. ನೀಲಿ ಕಲೆ ಬಿತ್ತು. ಗೆರೆ ಒಂದೂ ಇರಲಿಲ್ಲ. ಸೆರಗಿಗೆ ಒರೆಸಿ ಮತ್ತೆ ಒತ್ತಿದಳು. ಮತ್ತೆ ಅದೇ ನುಣ್ಣನೆಯ ಕಲೆ. ಕಾಯಿನೀರು ಬೆರಳಿನ ಗೆರೆಗಳನ್ನು ತಿಂದುಹಾಕಿತ್ತು.

“ಇದು ಆಗಾಕಿಲ್ಲ ಅಂತಾರೆ ಕಣಕ್ಕ,” ಎಂದಳು ಕೆಂಚಮ್ಮ.

ಅವ್ವ ಪ್ಯಾಡನ್ನು ಕೈಗೆತ್ತಿಕೊಂಡಳು. ಅಂಗೈಗೆ, ಬೆರಳುಗಳಿಗೆ, ಸಂದಿಗಳಿಗೆ ಇಂಕು ತಿಕ್ಕಿಕೊಂಡಳು. ಬಿರುಕಿಗೆ ಇಳಿದು ಉರಿದಿರಬೇಕು, ಹಲ್ಲು ಕಚ್ಚಿದಳು. ಆಮೇಲೆ ನಾನು ಬರೆದ ಸಾಲುಗಳ ನಡುಮಧ್ಯಕ್ಕೆ ಕೈಯೂರಿ, ಮೈಭಾರವೆಲ್ಲ ಬಿಟ್ಟು ಒತ್ತಿದಳು.

“ಅಕ್ಷರ ಮುಚ್ಚೋಗುತ್ತೆ ಕಣವ್ವ.”

“ಮುಚ್ಲಿ ಬುಡು,” ಎಂದಳು. “ಮೊದ್ಲು ಇದ್ನ ಮುಟ್ಲಿ. ಆಮ್ಯಾಕೆ ಓದ್ಲಿ.”